ಕಾಯುವವನು

ಮಾಚೇನಹಳ್ಳಿ, ರಾತ್ರಿ ಎರಡು ಹತ್ತು.
ಫೌಂಡ್ರಿಯ ಮೇಲಂತಸ್ತಿನಲ್ಲಿ ನಾನು, ಒಂದು ಕಪ್ಪು ಪರದೆ,
ಕೆನೆಗಟ್ಟಿದ ಚಹಾ,
ಮತ್ತು ನೂರಕ್ಕೆ ತೊಂಬತ್ತೊಂಬತ್ತು ಪಾಲು ಪ್ರೊಸೆಸರನ್ನು
ಒಬ್ಬನೇ ತಿನ್ನುತ್ತಿರುವ ಕಾವಲುಗಾರ.

ಕಾವಲುಗಾರ ಅಂದೆ. ಕೈಪಿಡಿಯಲ್ಲಿ ಅವನು ಡೀಮನ್.
ಅಂದರೆ ಭೂತವಾ ಅಂತ ಕೇಳಿ
ಪ್ಯಾಟರ್ನ್ ಶಾಪಿನ ಮೌನೇಶಾಚಾರ್ ನಕ್ಕಿದ್ದರು:
"ಹಂಗಾದ್ರೆ ಒಂದು ಕೋಳಿ ಬಿಡಿ ಮೇಡಂ, ಸುಮ್ಮನಾಗ್ತಾನೆ."
ಅವನ ಕೆಲಸ ಇಷ್ಟೆ:
ಕಡತ ಕೇಳಿ ಬಂದವರ ಹೆಸರು ಕೇಳು,
ಬಲ್ಲವರಲ್ಲಿ ವಿಚಾರಿಸು, ಒಳಗೆ ಬಿಡು.
ನಾಲ್ಕು ವರ್ಷ ಅವನೊಬ್ಬ ಇದ್ದಾನೆಂದೇ
ಯಾರಿಗೂ ಗೊತ್ತಿರಲಿಲ್ಲ.

ಕೆಳಗೆ ಇಮ್ತಿಯಾಜನ ಕುಲುಮೆಯಲ್ಲಿ
ಐನೂರು ಕಿಲೋ ಕಬ್ಬಿಣ ಬೆಳ್ಳಗಾಗಿ ಕೂತಿದೆ.
ಯಾವ ಅಚ್ಚಿಗೆ ಎಷ್ಟು ಶಾಖ, ಎಷ್ಟು ಸಿಲಿಕಾನು
ಬರೆದಿಟ್ಟ ಹಾಳೆ ಸರ್ವರಿನೊಳಗೆ.
ಫೋನು: "ಮೇಡಂ, ಕಬ್ಬಿಣ ಕಾದಿದೆ. ಕಾಯಲ್ಲ."

ಕಾದಿದೆ, ಕಾಯಲ್ಲ.
ಬಿಸಿಯೇರುವುದಕ್ಕೂ, ಕಾವಲಿರುವುದಕ್ಕೂ,
ಇನ್ನೊಬ್ಬರ ದಾರಿ ನೋಡುವುದಕ್ಕೂ
ನಮ್ಮಲ್ಲಿ ಒಂದೇ ಮಾತು.
ಇವನು ಮೊದಲೆರಡನ್ನು ಮಾಡುತ್ತಿದ್ದ,
ಮೂರನೆಯದನ್ನು ಯಾರೂ ಕಲಿಸಿರಲಿಲ್ಲ.

ಕೊಂದೆ.
ಮೂರು ಸೆಕೆಂಡಿಗೆ ಹೊಸ ನಂಬರು ಹೊತ್ತು ಎದ್ದ.
ಮತ್ತೆ ಕೊಂದೆ, ಮತ್ತೆ ಎದ್ದ.
"ಆಫ್ ಮಾಡಿ ಆನ್ ಮಾಡಿ" ಅಂತ
ಮನೆಯಿಂದ ಮ್ಯಾನೇಜರ್ ಗಜಾನನ ಶೇಟರ ಮೆಸೇಜು.
ಅದನ್ನೂ ಮಾಡಿದೆ. ಸುಳ್ಳೇಕೆ.

ಆಮೇಲೆ ಬಡಿಯುವುದು ಬಿಟ್ಟು ಕಿವಿಗೊಟ್ಟೆ.
ಅವನ ಒಂದೊಂದು ಉಸಿರನ್ನೂ ಬರೆದುಕೊಳ್ಳುವ
ಕಮಾಂಡ್ ಒಂದಿದೆ.
ಪರದೆ ತುಂಬ ಹರಿದು ಬಂತು, ಕೊನೆಗೆ ಹದಿನೇಳು ಇರುವ
ಅದೇ ವಿಳಾಸ, ಅದೇ ವಿಳಾಸ,
ಇದ್ದೀಯಾ
ಇದ್ದೀಯಾ
ಇದ್ದೀಯಾ
ಸೆಕೆಂಡಿಗೆ ಎಷ್ಟು ಸಾವಿರ ಸಲವೋ.

ಹದಿನೇಳು ಅಂದರೆ ಭದ್ರಾ.
ಹೆಸರು, ಗುರುತುಗಳನ್ನೆಲ್ಲ ಬಲ್ಲ ಎರಡು ಯಂತ್ರಗಳಲ್ಲಿ ಹಳೆಯದು.
ಇನ್ನೊಂದು ತುಂಗಾ. ಇವತ್ತು ಕುಲುಮೆ ಹಚ್ಚಿದಾಗ
ಕರೆಂಟು ಕುಸಿದು ತುಂಗಾ ಎರಡು ನಿಮಿಷ ಮಾತಾಡಲಿಲ್ಲ.
ಅಷ್ಟರಲ್ಲಿ ಇವನಿಗೆ ಹಳಬಳು ನೆನಪಾಗಿದ್ದಾಳೆ.

ಭದ್ರಾ ಎಲ್ಲಿ?
ಆಷಾಢದಲ್ಲಿ ಗುಜರಿಗೆ ಹಾಕಿದೆವು.
ಡಿಸ್ಕಿಗೆ ತೂತು ಕೊರೆದು, ಫ್ಯಾನು ಬಿಚ್ಚಿಟ್ಟು,
ಉಳಿದ ತಗಡು, ಹನ್ನೊಂದೂವರೆ ಕಿಲೋ,
ಇದೇ ಇಮ್ತಿಯಾಜನ ಕುಲುಮೆಗೆ ಹೋಯಿತು.
ಯಾವ ಪಂಪಿನ ಹೊಟ್ಟೆಯಾಗಿ
ಯಾವ ಲಾರಿ ಹತ್ತಿದಳೋ.
ಅವಳನ್ನೇ ಕೇಳುತ್ತಿದ್ದಾನೆ ಇವನು,
ಮೌನೇಶಾಚಾರರನ್ನು ಒಳಗೆ ಬಿಡಲೇ ಎಂದು.

ಗುಜರಿ ಚೀಟಿಗೆ ಸಹಿ ನನ್ನದು.
ಲೆಕ್ಕದವರಿಗೆ ಹೇಳಿದ್ದೆ, ಗೇಟಿಗೆ ಹೇಳಿದ್ದೆ,
ವಿಮೆಯವರಿಗೂ ಒಂದು ಪ್ರತಿ.

ಕಡತ ತೆರೆದೆ. ಹತ್ತೊಂಬತ್ತನೇ ಸಾಲು.
ಬೆರಳು ಒಂದು ಗಳಿಗೆ ನಿಂತಿತು, ಯಾಕೋ.
ಅಳಿಸಿದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ:
ಉತ್ತರ ಬಾರದಿದ್ದರೆ
ಮತ್ತೆ ಕೇಳುವ ಮೊದಲು ಮೂವತ್ತು ಸೆಕೆಂಡು ಕಾಯಿ.

ಎದ್ದ. ತುಂಗಾಳನ್ನು ಕೇಳಿದ. ಸುಮ್ಮನಾದ.
ತೊಂಬತ್ತೊಂಬತ್ತು ಹನ್ನೆರಡಾಯಿತು, ಸೊನ್ನೆಯ ಹತ್ತಿರ ಬಂತು.
ಸರ್ವರಿನ ಫ್ಯಾನು ತಗ್ಗಿದ ಮೇಲೆ
ಹೆದ್ದಾರಿಯ ಲಾರಿಗಳ ಸದ್ದು ಕೇಳಿಸಿತು.
ಕೆಳಗಿನಿಂದ "ತೆರೀತು!" ಎಂಬ ಕೂಗು,
ಕಿಟಕಿಯ ಗಾಜಿಗೆ ಕಿತ್ತಳೆ ಬೆಳಕು,
ಸುರಿಯುತ್ತಿದ್ದಾರೆ.

ಲಾಗ್ ಪುಸ್ತಕದಲ್ಲಿ ಬರೆದೆ:
ಎರಡು ನಲವತ್ತೊಂದು. ಒಂದು ಹೆಸರು ತೆಗೆದಿದೆ.
ಕಾರಣ ಎಂಬ ಕಾಲಮ್ಮಿನಲ್ಲಿ
"ತಿಳಿಸಿರಲಿಲ್ಲ" ಎಂದಷ್ಟೇ ಬರೆದು,
ಯಾರು ಯಾರಿಗೆ ಎಂದು ಬರೆಯದೆ,
ಸಹಿ ಹಾಕಿದೆ.