ಅಷ್ಟೇ

ಸೊಹಾರಿನ ಶಾಲೆ. ಒಂದನೇ ಕ್ಲಾಸಿನ ಪಕ್ಕದ ಕೋಣೆ.
ಏಸಿಯ ಗೊರಗೊರ. ಹೊರಗೆ ಬಿಸಿಲಿಗೆ
ಬಸ್ಸಿನ ಹಳದಿಯೂ ಬೆಳ್ಳಗಾಗಿದೆ.

ಟೀಚರ್ ಗಿಡ್ಡ ಲೋಟದ ನೀರನ್ನು
ಉದ್ದ ಲೋಟಕ್ಕೆ ಸುರಿದು ಇಂಗ್ಲಿಷಿನಲ್ಲಿ ಕೇಳಿದರು:
ಈಗ ಹೆಚ್ಚಾಯಿತೋ, ಕಡಿಮೆಯಾಯಿತೋ?

ಚರಿತ್‌ಗೆ ಆರು ವರ್ಷ.
ಏರಿ ನಿಂತ ನೀರು ನೋಡಿದ. ಖಾಲಿ ಲೋಟದ ಬಾಯಿ ನೋಡಿದ.
ಮೂರನೇ ಮಹಡಿಯ ಮನೆಯಲ್ಲಿ ಅವನ ಅಮ್ಮ
ಕ್ಯಾನಿನಿಂದ ಕೊಡಕ್ಕೆ, ಕೊಡದಿಂದ ಬಾಟಲಿಗೆ
ದಿನಾ ಸುರಿಯುತ್ತಾಳೆ; ಒಂದು ಹನಿಯೂ ಹೆಚ್ಚಾದದ್ದಿಲ್ಲ.

"ಅಷ್ಟೇ" ಅಂದ.

ಟೀಚರ್ ಲಖನೌದವರು. ಕಾದರು,
ಇನ್ನೂ ಏನೋ ಬರುತ್ತದೆಂದು.
ಆಮೇಲೆ ಹಾಳೆಯಲ್ಲಿ ಬರೆದರು: ಉತ್ತರವಿಲ್ಲ.

ಮೇಜು ಒರೆಸಲು ಬಂದ ನಾನು, ಬೈಂದೂರಿನವಳು,
ಬಾಗಿಲಲ್ಲೇ ನಿಂತಿದ್ದೆ. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಹನ್ನೊಂದು ವರ್ಷದಲ್ಲಿ ಆ ಕೋಣೆಯೊಳಗೆ
ಕೇಳದೆ ಬಾಯಿ ಬಿಟ್ಟವಳಲ್ಲ.

"ಟೀಚರ್, ಅವನು ಹೇಳಿಯಾಯಿತು" ಎಂದೆ,
ನನ್ನ ಮುರುಕು ಹಿಂದಿಯಲ್ಲಿ.
"ಏನಂತ?"

ಆ ಒಂದು ಪದವನ್ನು ಯಾವ ಲೋಟಕ್ಕೆ ಸುರಿಯಲಿ?
ಎರಡೂ ಕೈ ಮುಂದೆ ಹಿಡಿದೆ, ತಕ್ಕಡಿಯ ಹಾಗೆ.

ಹುಡುಗ ನಕ್ಕ. ಅವನೂ ಹಿಡಿದ.