ಹೂಂ

ಸೋಗಾನೆಯ ಗೇಟಿನಲ್ಲಿ ಅಕ್ಕನಿಗೆ
ಅವಳ ಗಂಟು ಹಿಂದಕ್ಕೆ ಕೊಟ್ಟರು,
ಪಟ್ಟಿ ಓದಿ, ಸಹಿ ಹಾಕಿಸಿಕೊಂಡು:
ಕಾಲುಂಗುರ ಎರಡು, ಪಿನ್ನು ಮೂರು,
ಹಸಿರು ಗಾಜಿನ ಬಳೆ ಐದು,
ಐನೂರರ ನೋಟು ಒಂದು.
ಆ ನೋಟು ಸತ್ತು ಎಷ್ಟೋ ವರ್ಷವಾಗಿತ್ತು.
ಕೊಟ್ಟವರಿಗೂ ಗೊತ್ತು. ಆದರೂ ಲೆಕ್ಕ ಲೆಕ್ಕವೇ.

ಬಸ್ಸಿನಲ್ಲಿ ಅದನ್ನೇ ಚಾಚಿದಳು.
"ಹೆಂಗಸರಿಗೆ ದುಡ್ಡಿಲ್ಲಮ್ಮ, ಗುರುತಿನ ಚೀಟಿ ತೋರ್ಸಿ"
ಅಂದ ಕಂಡಕ್ಟರ್.
ಅವಳ ಹತ್ತಿರ ಇದ್ದದ್ದು ಬಿಡುಗಡೆಯ ಕಾಗದ.
ಓದಿದ. ನನ್ನ ಮುಖ ನೋಡಿದ.
ಸೊನ್ನೆ ರೂಪಾಯಿಯ ಟಿಕೆಟ್ ಹರಿದು
ಅವಳ ಅಂಗೈಯಲ್ಲಿಟ್ಟು ಮುಂದಕ್ಕೆ ಹೋದ.
ಭದ್ರಾವತಿಯವರೆಗೂ ಆ ಮುಷ್ಟಿ ಬಿಚ್ಚಲಿಲ್ಲ.

ದಾರಿಯುದ್ದಕ್ಕೂ ಒಂದೇ ಮಾತು:
"ಈಚೆಗೆ ವಿಮಾನದ ಸದ್ದು ಕೇಳ್ತಿತ್ತು ಕಣೇ ವಾರಿಜ,
ಒಂದಿನಾನೂ ನಮ್ಮ ಪಾಲಿನ ಆಕಾಶಕ್ಕೆ ಬರಲಿಲ್ಲ."
ಹೂಂ, ಅಂದೆ.

ಕಾಗದನಗರದ ತಿರುವಿನಲ್ಲಿ ಇಳಿದವಳು
ಮೂಗರಳಿಸಿ ನಿಂತಳು.
"ವಾಸನೆ ಎಲ್ಲಿ?"
ಕೊಳೆತ ಬಿದಿರು, ಗಂಧಕ, ಕೋಸು ಬೇಯಿಸಿದ ನೀರು.
ಅಪ್ಪನ ಅಂಗಿಯಲ್ಲಿ, ನಮ್ಮಿಬ್ಬರ ಜಡೆಯಲ್ಲಿ,
ಹಬ್ಬದ ಹೋಳಿಗೆಯಲ್ಲೂ ಇದ್ದದ್ದು.
ಮಿಲ್ಲು ನಿಂತುಹೋಯಿತು, ಅಂದೆ.
ಹೊಗೆಯಿಲ್ಲದ ಚಿಮಣಿಯನ್ನು ಬಹಳ ಹೊತ್ತು ನೋಡಿದಳು,
ಜೊತೆಗೆ ಬರಬೇಕಾಗಿದ್ದವಳೊಬ್ಬಳು
ಒಳಗೇ ತೀರಿಕೊಂಡಳೇನೋ ಎಂಬಂತೆ.

ಎದುರು ಮನೆಯ ಸೆಲ್ವಿಯಮ್ಮ ಕೈ ಹಿಡಿದು
"ಹದಿನಾಲ್ಕು ವರ್ಷ! ವನವಾಸ ಮುಗೀತಲ್ಲ ಗುಲಾಬಿ" ಅಂದರು.
"ವನ ಎಲ್ಲಿ ಬಂತು ಅಮ್ಮ, ಒಂದು ಬೇವಿನ ಮರ.
ಅದೂ ಗೋಡೆಯಾಚೆ."

ಸಂಜೆ ಆರಕ್ಕೆ ಎಲ್ಲ ಬಿಟ್ಟು
ಹೊಸ್ತಿಲಲ್ಲಿ ಬಂದು ನಿಲ್ಲುತ್ತಾಳೆ, ನೆಟ್ಟಗೆ,
ಎಣಿಸುವವರಿಗಾಗಿ.
ಎರಡು ದಿನ ನೋಡಿಯೂ ನೋಡದವಳಾದೆ.
ಮೂರನೆಯ ದಿನ ಒಳಗಿನಿಂದ ಕೂಗಿದೆ: "ಒಂದು!"
ತಿರುಗಿದಳು. ನನ್ನತ್ತ ಬೆರಳು ಮಾಡಿ,
"ಎರಡು."

ಇಷ್ಟಾದರೂ ಅದನ್ನು ಇಬ್ಬರೂ ಎತ್ತಲಿಲ್ಲ.

ಶಿವಮೊಗ್ಗದ ಕೋರ್ಟು. ಕಿರುಗುಟ್ಟುವ ಫ್ಯಾನು.
ಹದಿನೇಳರ ನನ್ನ ಕಾಲಿಗೆ ಹೊಸ ಚಪ್ಪಲಿ ಕಚ್ಚುತ್ತಿತ್ತು.
"ಗುಂಡುಕಲ್ಲು ನಿನ್ನ ಅಕ್ಕನ ಕೈಯಲ್ಲಿತ್ತೋ?"
ಹೌದು, ಅಂದೆ.
ಭಾವ ಅವಳ ಜಡೆ ಸುತ್ತಿಕೊಂಡು
ಉರಿವ ಒಲೆಗೆ ಮುಖ ಒತ್ತಿದ್ದನ್ನು
ಯಾರೂ ಕೇಳಲಿಲ್ಲ;
ಕೇಳಿದ್ದಕ್ಕಷ್ಟೇ ಹೇಳು ಎಂದಿದ್ದರು.
ಟೈಪಿಸ್ಟು ನನ್ನ ಎರಡಕ್ಷರ ಕುಟ್ಟಿ
ಬೆರಳು ನೆಟಿಕೆ ಮುರಿದುಕೊಂಡ.

ಅಲ್ಲಿಂದೀಚೆಗೆ ಎಲ್ಲದಕ್ಕೂ ಹೂಂ.
ರೇಷನ್ ಅಂಗಡಿಯಲ್ಲಿ ಹೂಂ.
ನೋಡಲು ಬಂದವರ ಮುಂದೆ ಹೂಂ
(ಮೂಗಿಯೇನೋ ಎಂದು ಎದ್ದು ಹೋದರು).
ಬಾಯಿಗೆ ನೀರು ಬಿಡುವಾಗ ಅಪ್ಪ
"ಅವಳನ್ನ ನೋಡ್ಕೋತೀಯಾ?" ಅಂದದ್ದಕ್ಕೂ ಹೂಂ.
ಮುಲಾಕಾತಿಗೆ ಹೋದದ್ದು ಮೂರೇ ಸಲ.
ಜಾಲರಿಗೆ ಬೆರಳು ಕೊಟ್ಟು
ಸೋಪಿನ ಬೆಲೆ ಮಾತಾಡಿ ಬಂದೆ.

ಭಾನುವಾರ ಹೊಳೆ ಮೀನು ತಂದೆ.
ತಾನೇ ಮಾಡುತ್ತೇನೆಂದು ಸೆರಗು ಸಿಕ್ಕಿಸಿದಳು.
ಇನ್ನೂರು ತಟ್ಟೆಗೆ ಉಪ್ಪು ಹಾಕಿ ಕಲಿತ ಕೈ,
ಇಬ್ಬರ ಪಾತ್ರೆಯ ಮೇಲೆ
ಅಳತೆ ಸಿಗದೆ ತಡವರಿಸಿತು.
ಬಡಿಸಿ, ಎದುರು ಕುಕ್ಕರಗಾಲಲ್ಲಿ ಕೂತು ಕೇಳಿದಳು:
"ಉಪ್ಪು ಜಾಸ್ತಿ ಆಯ್ತಾ?"

ನಾಲಿಗೆಯ ಮೇಲೆ ಸಮುದ್ರ.
ಮುಳ್ಳೊಂದು ಸಿಕ್ಕಿತ್ತು; ತೆಗೆದು ತಟ್ಟೆಯಂಚಿಗಿಟ್ಟೆ.
ಹೌದು, ಅಂದೆ.

ಸೌಟು ನಿಂತಿತು.
ಹೊರಗೆ ಯಾರೋ ಗಾಡಿ ಒದೆಯುತ್ತಿದ್ದರು,
ಹತ್ತಿಕೊಳ್ಳಲಿಲ್ಲ, ಮತ್ತೆ ಒದ್ದರು.

"ಅವತ್ತು ನಿನ್ನ ದನಿ ಇಷ್ಟು ಗಟ್ಟಿ ಇರಲಿಲ್ಲ,"
ಅಂದಳು ಅಕ್ಕ,
ಎದ್ದು, ಸಾರಿಗೆ
ಬಿಸಿನೀರು ಹುಯ್ಯುತ್ತ.