ಊರು ಮಾಜಾಳಿ ಅಂತಿಟ್ಟುಕೊಳ್ಳಿ

ಊರು ಮಾಜಾಳಿ ಅಂತಿಟ್ಟುಕೊಳ್ಳಿ. ಮಾಜಾಳಿಯಲ್ಲ.
ಹಾಸಿಗೆ ಏಳು ಅನ್ನಿ, ಅದೂ ಅಲ್ಲ.
ಬೋಟಿನಲ್ಲಿ ಬಲೆ ಎಳೆಯುವ ಹುಡುಗ ಅನ್ನಿ,
ಬೈತಖೋಲದ ಬಂದರಿನಲ್ಲಿ ಅಂಥವರು ಬೇಕಾದಷ್ಟು.

ಹನ್ನೊಂದು ರಾತ್ರಿ ಕಣ್ಣು ಮುಚ್ಚದೆ
ಕಡಲು ತನ್ನ ಹೆಸರು ಹಿಡಿದು ಕೂಗುತ್ತದೆಂದು ಬಂದವನು.
ಮೊದಲ ದಿನ ನೀರೂ ಒಲ್ಲೆ ಅಂದ.
ನಾಲ್ಕನೇ ದಿನ ಗಂಜಿಗೆ ಉಪ್ಪು ಸಾಲದೆಂದು ಬೈದ.
ಅವತ್ತು ಚಾರ್ಟಿನಲ್ಲಿ ಬರೆದೆ: ಸುಧಾರಣೆ ಇದೆ.

ಕಾಲೇಜಿನ ಸಭಾಂಗಣದಲ್ಲಿ ಒಮ್ಮೆ ನಮ್ಮನ್ನೆಲ್ಲ ಕೂರಿಸಿ
ಕರಿಕೋಟಿನ ವಕೀಲರು ಹೇಳಿದ್ದರು:
ಎರಡು ಸಾವಿರದ ಹದಿನೇಳರ ಕಾಯ್ದೆ, ಇಪ್ಪತ್ಮೂರನೇ ಕಲಮು,
ಮನಸ್ಸಿನ ಕಾಯಿಲೆಯ ಗುಟ್ಟು ರೋಗಿಯದು, ನಿಮ್ಮದಲ್ಲ.
ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಬೇರೆ ಮಾತು,
ಆಗಲೂ ಬೇಕಾದಷ್ಟೇ, ಬೇಕಾದವರಿಗಷ್ಟೇ.
ಹಿಂದಿನ ಸಾಲಿನಿಂದ ರೊಜಾಲಿನ್ ಸಿಸ್ಟರ್ ಎದ್ದು
‘ಸರ್, ವರಾಂಡಕ್ಕೆ ಯಾವ ಕಲಮು?’ ಅಂದಳು.
ನಕ್ಕೆವು. ಕಾಂದಾಭಜಿ ಬಂತು. ಪ್ರಶ್ನೆ ಅಲ್ಲೇ ಕೂತಿತ್ತು.

ವರಾಂಡ ಮೀನುಪೇಟೆಯವರೆಗೂ ಇದೆ.
ದ್ವಾರಕಾಬಾಯಿ ಎರಡು ಬಂಗುಡೆ ಹೆಚ್ಚಿಗೆ ಹಾಕಿ
‘ಬಾಯಿ, ಆ ತಾಂಡೇಲರ ಸೊಸೆಗೆ ಮೈಮೇಲೆ ಬರೋದೋ, ತಲೆದೋ?’
ಬಂಗುಡೆ ಎರಡನ್ನೂ ವಾಪಸಿಟ್ಟೆ.
ವಾರ್ಡಿನ ಮಾತು ಗೇಟಿನಿಂದೀಚೆ ತರೋದಿಲ್ಲ, ಅಂದೆ.
ಆ ಸೊಸೆ ನಮ್ಮಲ್ಲಿಗೆ ಬಂದವಳೇ ಅಲ್ಲ.
ಆದರೆ ಬಾರದವರ ಬಗ್ಗೆ ‘ಇಲ್ಲಪ್ಪ’ ಅಂದರೆ
ಬಂದವರ ಬಗ್ಗೆ ಸುಮ್ಮನಿದ್ದಾಗ
ಸುಮ್ಮನಿರುವುದೇ ಸುದ್ದಿ.
(ನೋಡಿ, ನಿಮಗೆ ಹೇಳಿಯೇಬಿಟ್ಟೆ.
ಸೊಸೆಯಲ್ಲ ಅನ್ನಿ. ತಾಂಡೇಲರೂ ಅಲ್ಲ.)

ಹದಿನಾಲ್ಕು ವರ್ಷ ಎಲ್ಲರಿಗೂ ಅದೊಂದೇ ವಾಕ್ಯ,
ಬೋಟಿನ ಮಾಲೀಕರಿಗೆ, ಎಲ್ಲೈಸಿ ಏಜೆಂಟರಿಗೆ,
ಪ್ರಸಾದ ಹಿಡಿದು ಬಂದ ಭಟ್ಟರಿಗೆ,
ಕತ್ತಲಲ್ಲಿ ಗಂಡನಿಗೂ.
‘ನಿನ್ನದು ಬಾಯೋ ಖಜಾನೆಯೋ’ ಅಂದು ಅವರು ಮಗ್ಗುಲಾಗುತ್ತಾರೆ.

ಚೌತಿ ಕಳೆದು ಅಂಕೋಲೆಯಿಂದ ಅಕ್ಕನ ಫೋನು:
‘ದೀಪಾಲಿಗೊಂದು ನೆಂಟಸ್ತಿಕೆ. ಹುಡುಗ ಮಾಜಾಳಿ,
ಬೋಟಿನ ಕೆಲಸ, ಕುಡಿಯೋದಿಲ್ಲವಂತೆ.
ಹೋದ ಮಳೆಗಾಲ ನಿಮ್ಮ ಆಸ್ಪತ್ರೆಯಲ್ಲಿದ್ದ ಅಂತಾರೆ,
ಹೊಟ್ಟೆನೋವೋ ಮತ್ತೊಂದೋ.
ನೀನು ನೋಡಿರ್ತೀಯಲ್ಲ?’

ನಾನು ಎತ್ತಿ ಆಡಿಸಿದ ಕೂಸು ದೀಪಾಲಿ.
ಅವಳ ಮೊದಲ ಹಲ್ಲು ಕಚ್ಚಿದ್ದು ನನ್ನ ಬೆರಳನ್ನು.
ಯಾರ ಜೀವಕ್ಕೆ ಅಪಾಯ? ಕಲಮನ್ನು ತಿರುವಿ ತಿರುವಿ ನೋಡಿದೆ.
ಯಾರದೂ ಇಲ್ಲ.
ಗುಳಿಗೆ ತಪ್ಪಿಸುವುದಿಲ್ಲ, ತಿಂಗಳಿಗೊಮ್ಮೆ ಬರುತ್ತಾನೆ,
ಗಂಜಿಯ ಉಪ್ಪಿನ ತಗಾದೆ ಇನ್ನೂ ಬಿಟ್ಟಿಲ್ಲ.
‘ಒಳ್ಳೆಯ ಹುಡುಗ’ ಅಂದುಬಿಡಲೆ?
ಅದೂ ವಾರ್ಡಿನದೇ ಮಾತು.

ವಾರ್ಡಿನ ಮಾತು ಗೇಟಿನಿಂದೀಚೆ ತರೋದಿಲ್ಲ, ಅಕ್ಕಾ.
ಕೇಳೋದಿದ್ದರೆ ಹುಡುಗನನ್ನೇ ಕೇಳಿ.
‘ಹೀಗೇ ಅಂತೀಯ ಅಂತ ಗೊತ್ತಿತ್ತು’
ಫೋನಿಟ್ಟಳು.
ನಾನು ಬೆವರಿದ್ದೆ. ನನ್ನ ವಾಕ್ಯ ಬೆವರಿರಲಿಲ್ಲ,
ಎಲ್ಲರ ಕೈಯಲ್ಲೂ ಸವೆದ ಹಳೇ ನಾಣ್ಯ,
ಅದರ ಮೇಲೆ ಏನೂ ಓದಲಾಗದು.

ಜನವರಿಯಲ್ಲಿ ದೀಪಾಲಿ ಒಬ್ಬಳೇ ಕೋಡಿಬಾಗಕ್ಕೆ ಬಂದಳು.
‘ಅವನೇ ಹೇಳಿದ ಮಾವಶಿ. ದಂಡೆಯ ಮೇಲೆ ಕೂರಿಸಿ,
ಗುಳಿಗೆಯ ಹೆಸರು ಸಮೇತ.
ನಿನಗೆ ಗೊತ್ತಿತ್ತಾ?’

ಹೇಳಿದ್ದು ಅವನು. ಒಪ್ಪಿಗೆ ಅವನ ಬಾಯಿಗಿತ್ತು,
ನನ್ನ ಬಾಯಿಗಲ್ಲ.
ವಾರ್ಡಿನ ಮಾತು, ಅಂತ ಶುರುಮಾಡಿದೆ.
ಮುಗಿಸುವ ಮೊದಲೇ ಎದ್ದು ಹೋದಳು.

ಮದುವೆ ಆಯಿತೇ ಅಂತ ಕೇಳಬೇಡಿ.
ಹೇಳಿದರೆ ಮಾಜಾಳಿ ಯಾವುದು ಅಂತ ಗೊತ್ತಾಗುತ್ತದೆ.
ದೀಪಾಲಿ ಅನ್ನುವ ಹೆಸರೂ ಅವಳದಲ್ಲ.
ಅವಳು ಮುಟ್ಟದೆ ಬಿಟ್ಟ ಚಹಾ ಮಾತ್ರ ನಿಜ.
ಕೆನೆಗಟ್ಟಿತ್ತು.
ನಾನೇ ಕುಡಿದೆ.